ವಿದೇಶದಲ್ಲಿ ಮೇಷ್ಟ್ರ ಕೆಲಸ: ಒಂದು ಜಾಹೀರಾತನ್ನು ಬಿಡಿಸಿ ಓದಿದಾಗ

ಹೊಸ ವರ್ಷ ಬಂತೆಂದರೆ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥದ್ದೊಂದು ಸಂದೇಶ ಸುತ್ತತೊಡಗುತ್ತದೆ: "ದುಬೈನ ಹೆಸರಾಂತ ಇಂಟರ್‌ನ್ಯಾಷನಲ್ ಶಾಲೆಗೆ ಗಣಿತ ಶಿಕ್ಷಕರು ಬೇಕು. ಎಂ.ಎಸ್ಸಿ., ಬಿ.ಎಡ್. ಕಡ್ಡಾಯ. ಸಿಬಿಎಸ್‌ಇ ಶಾಲೆಯಲ್ಲಿ ಎರಡು ವರ್ಷ ಅನುಭವ. ಅಟೆಸ್ಟ್ ಆದ ಪ್ರಮಾಣಪತ್ರ ಇರಬೇಕು. ಹಸ್ಬೆಂಡ್ ವೀಸಾದವರಿಗೆ ಆದ್ಯತೆ. ಆಕರ್ಷಕ ಪ್ಯಾಕೇಜ್."

ಹಾಸನದಲ್ಲೋ ಕಲಬುರಗಿಯಲ್ಲೋ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿರುವವರ ಕಣ್ಣು ಮೊದಲು ನಿಲ್ಲುವುದು ದುಬೈ ಮತ್ತು ಪ್ಯಾಕೇಜ್ ಎಂಬೆರಡು ಪದಗಳ ಮೇಲೆ. ಆದರೆ ಕೆಲಸ ಎಂಥದ್ದು, ಸಂಬಳ ಎಷ್ಟಿದ್ದೀತು, ಕುಟುಂಬವನ್ನು ಕರೆದೊಯ್ಯಬಹುದೇ, ಐದು ವರ್ಷದ ನಂತರ ಕೈಯಲ್ಲಿ ಏನು ಉಳಿದೀತು ಎಂಬುದೆಲ್ಲ ಅಡಗಿರುವುದು ನಡುವಿನ ಸಾಲುಗಳಲ್ಲಿ. ದೇಶದ ಹೆಸರಿಗಿಂತ ಮೂರು ಸಂಗತಿಗಳು ಹೆಚ್ಚು ಮುಖ್ಯ: ಶಾಲೆಯ ಪಠ್ಯಕ್ರಮ ಯಾವುದು, ಪಾಠ ಮಾಡಲು ಅನುಮತಿ ಕೊಡುವವರು ಯಾರು, ವೀಸಾ ಯಾರ ಹೆಸರಿನಲ್ಲಿ ಬರುತ್ತದೆ.

ಹೀಗೆ ಹೊರಡುವುದು ನಮ್ಮವರಿಗೆ ಹೊಸತೇನಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಇಥಿಯೋಪಿಯದ ಪ್ರೌಢಶಾಲೆಗಳಿಗೆ ಭಾರತದಿಂದ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರು ಹೋಗಿದ್ದರು. 1970ರ ದಶಕದಲ್ಲಿ ತೈಲದ ದುಡ್ಡು ಹರಿದಾಗ ನೈಜೀರಿಯ ಕರೆಯಿತು. ಆಗಿನವು ಬಹುಪಾಲು ಸರ್ಕಾರಿ ಶಾಲೆಗಳ ಕೆಲಸ. ಈಗ ಕರೆಯುತ್ತಿರುವವು ಹೆಚ್ಚಾಗಿ ಶುಲ್ಕದಿಂದ ನಡೆಯುವ ಖಾಸಗಿ ಶಾಲೆಗಳು. ಸಂಬಳದ ಲೆಕ್ಕ ಬದಲಾಗಿರುವುದು ಇದೇ ಕಾರಣಕ್ಕೆ.

ಇಂಟರ್‌ನ್ಯಾಷನಲ್ ಶಾಲೆ ಎಂದರೆ ಯಾವುದು?

1924ರಲ್ಲಿ ಜಿನೀವಾದಲ್ಲಿ ಒಂದು ಶಾಲೆ ಶುರುವಾಯಿತು. ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಧಿಕಾರಿಗಳು ಹಲವು ದೇಶಗಳಿಂದ ಅಲ್ಲಿಗೆ ಬಂದಿದ್ದರು. ಅವರ ಮಕ್ಕಳು ಸ್ವಿಸ್ ಶಾಲೆಗೆ ಹೊಂದಿಕೊಳ್ಳುವುದು ಕಷ್ಟ, ನಾಳೆ ಅಪ್ಪನಿಗೆ ಬೇರೆ ಊರಿಗೆ ವರ್ಗವಾದರೆ ಮತ್ತೆ ಮೊದಲಿನಿಂದ ಆರಂಭ. ಜಿನೀವಾದ ಇಂಟರ್‌ನ್ಯಾಷನಲ್ ಸ್ಕೂಲ್ ಹುಟ್ಟಿದ್ದು ಈ ತೊಂದರೆಗೆ ಉತ್ತರವಾಗಿ. ಅದೇ ವರ್ಷ ಜಪಾನಿನ ಯೊಕೊಹಾಮದಲ್ಲೂ ಅಂಥದ್ದೊಂದು ಶಾಲೆ ತೆರೆಯಿತು.

ಇಂದು ಜಗತ್ತಿನಲ್ಲಿ ಇಂಟರ್‌ನ್ಯಾಷನಲ್ ಎಂದು ಎಣಿಸಲಾಗುವ ಶಾಲೆಗಳು 14 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ವಿದೇಶಿ ಅಧಿಕಾರಿಗಳ ಮಕ್ಕಳಿಗಾಗಿಯೇ ಇರುವವು ಕಡಿಮೆ. ಹೆಚ್ಚಿನವು ಆಯಾ ಊರಿನ ಅನುಕೂಲಸ್ಥರ ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ವಿದೇಶಿ ಪಠ್ಯಕ್ರಮ ಕಲಿಸುವಂಥವು. ಬೆಂಗಳೂರಿನ ಹೊರವಲಯದಲ್ಲಿ ಕುದುರೆ ಸವಾರಿಯವರೆಗೆ ಎಲ್ಲ ಇರುವ ಕ್ಯಾಂಪಸ್‌ಗಳು ಈ ಜಾತಿಯವು. ಮೂರನೆಯ ಬಗೆಯೂ ಒಂದುಂಟು: ಹೆಸರಿನಲ್ಲಿ ಮಾತ್ರ ಇಂಟರ್‌ನ್ಯಾಷನಲ್, ಒಳಗೆ ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮ. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇಂಥ ಶಾಲೆಗಳಿವೆ, ಹೆಸರು ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇದ್ದಂತಿಲ್ಲ.

ಉಡುಪಿ ಹೋಟೆಲ್ ಎಂಬ ಬೋರ್ಡು ಮುಂಬೈಯ ಮಾಟುಂಗಾದಲ್ಲೂ ಇರುತ್ತದೆ, ದುಬೈನ ಕರಾಮಾದಲ್ಲೂ ಇರುತ್ತದೆ. ಬೋರ್ಡು ನೋಡಿ ಒಳಗೆ ದೋಸೆ ಸಿಗುತ್ತದೆಂದು ಊಹಿಸಬಹುದು. ಮಾಲೀಕ ಯಾರು, ಭಟ್ಟರಿಗೆ ಕೊಡುವ ಸಂಬಳ ಎಷ್ಟು, ರಜೆ ಕೊಡುತ್ತಾರೋ ಇಲ್ಲವೋ ಎಂಬುದು ಬೋರ್ಡಿನಲ್ಲಿ ಇರುವುದಿಲ್ಲ. ಕೆಲಸ ಕೇಳಿ ಹೋದವನಿಗೆ ಬೇಕಾದದ್ದು ಆ ವಿವರ.

ಪಠ್ಯಕ್ರಮ ತಿಳಿದರೆ ಅರ್ಧ ಕೆಲಸ ತಿಳಿದ ಹಾಗೆ

ವಿದೇಶದ ಶಾಲೆಗಳಲ್ಲಿ ನಮ್ಮವರಿಗೆ ಹೆಚ್ಚಾಗಿ ಎದುರಾಗುವವು ಮೂರು: ಭಾರತದ ಸಿಬಿಎಸ್‌ಇ, ಬ್ರಿಟಿಷ್ ಮೂಲದ ಕೇಂಬ್ರಿಜ್, ಮತ್ತು ಐಬಿ. ಅಮೆರಿಕನ್ ಪಠ್ಯಕ್ರಮದ ಶಾಲೆಗಳೂ ಇವೆ, ಅಲ್ಲಿ ಅಮೆರಿಕದ ಯಾವುದಾದರೊಂದು ರಾಜ್ಯದ ಶಿಕ್ಷಕ ಲೈಸೆನ್ಸ್ ಇದ್ದವರಿಗೇ ಮೊದಲ ಮಣೆ.

ಐಬಿ ಎಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್. 1968ರಲ್ಲಿ ಜಿನೀವಾದಲ್ಲೇ ಹುಟ್ಟಿದ ಸಂಸ್ಥೆ. ದೇಶ ಬದಲಿಸುತ್ತಲೇ ಇರುವ ಮಕ್ಕಳಿಗೆ ಎಲ್ಲ ಕಡೆಯ ವಿಶ್ವವಿದ್ಯಾಲಯಗಳೂ ಒಪ್ಪುವ ಒಂದು ಅಂತಿಮ ಪರೀಕ್ಷೆ ಬೇಕಿತ್ತು. ನಮ್ಮ ಪಿಯುಸಿಯ ವಯಸ್ಸಿಗೆ ಬರುವ ಆ ಎರಡು ವರ್ಷದ ಓದಿಗೆ ಡಿಪ್ಲೊಮಾ ಪ್ರೋಗ್ರಾಂ ಎಂದು ಹೆಸರು, ಶಿಕ್ಷಕರ ಬಾಯಲ್ಲಿ ಡಿಪಿ. ಆರು ವಿಷಯ, ಪ್ರತಿಯೊಂದಕ್ಕೆ ಗರಿಷ್ಠ 7 ಅಂಕ, ಜೊತೆಗೆ ಜ್ಞಾನದ ಸ್ವರೂಪವನ್ನು ಚರ್ಚಿಸುವ ಪತ್ರಿಕೆಗೂ 4,000 ಪದಗಳವರೆಗಿನ ಪ್ರಬಂಧಕ್ಕೂ ಸೇರಿ 3 ಅಂಕ, ಒಟ್ಟು 45. ಚಿಕ್ಕ ಮಕ್ಕಳ ಹಂತಕ್ಕೆ ಪಿವೈಪಿ, ಮಧ್ಯದ ಹಂತಕ್ಕೆ ಎಂವೈಪಿ. ಭಾರತದಲ್ಲಿ ಇದನ್ನು ಮೊದಲು ತಂದದ್ದು ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್, 1976ರಲ್ಲಿ.

ಇಲ್ಲಿಯ ಶಿಕ್ಷಕರು ಅಲ್ಲಿ ಮೊದಲು ತಬ್ಬಿಬ್ಬಾಗುವುದು ಪಠ್ಯಪುಸ್ತಕದ ವಿಷಯದಲ್ಲಿ. ನಮ್ಮಲ್ಲಿ ಪುಸ್ತಕವೇ ಪಾಠ: ಜೂನ್‌ನಲ್ಲಿ ಮೊದಲ ಅಧ್ಯಾಯ, ಫೆಬ್ರುವರಿ ಹೊತ್ತಿಗೆ ಕೊನೆಯದು, ನಡುವೆ ಪೋರ್ಷನ್ ಮುಗಿಯಿತೇ ಎಂಬ ಪ್ರಶ್ನೆ. ಐಬಿ ಶಾಲೆಯಲ್ಲಿ ಕಡ್ಡಾಯ ಪುಸ್ತಕವೇ ಇರುವುದಿಲ್ಲ. ವಿಷಯಕ್ಕೊಂದು ಮಾರ್ಗದರ್ಶಿ ಕೊಟ್ಟಿರುತ್ತಾರೆ. ಯಾವ ಪ್ರಶ್ನೆಯಿಂದ ಆರಂಭಿಸಬೇಕು, ಮಕ್ಕಳು ಯಾವ ಪ್ರಯೋಗ ಮಾಡಬೇಕು, ಅವರಿಗೆ ಅರ್ಥವಾಗಿದೆ ಎಂದು ಹೇಗೆ ಅಳೆಯಬೇಕು ಎಂಬ ಯೋಜನೆಯನ್ನು ಶಿಕ್ಷಕರೇ ಬರೆಯಬೇಕು. ಒಂದೇ ತರಗತಿಯಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ ಕೊರಿಯನ್ ಹುಡುಗನೂ ಗಣಿತದಲ್ಲಿ ಎರಡು ವರ್ಷ ಮುಂದಿರುವ ಹುಡುಗಿಯೂ ಇದ್ದರೆ, ಇಬ್ಬರಿಗೂ ಬೇರೆ ಬೇರೆ ಕೆಲಸ ಕೊಡಬೇಕು. ಇದಕ್ಕೆ ಅವರು ಡಿಫರೆನ್ಶಿಯೇಷನ್ ಎನ್ನುತ್ತಾರೆ, ಸಂದರ್ಶನದಲ್ಲಿ ಕೇಳದೆ ಬಿಡುವುದಿಲ್ಲ. ಅಂತಿಮ ಅಂಕದ ಒಂದು ಭಾಗವನ್ನು ಶಾಲೆಯಲ್ಲಿ ನಡೆಯುವ ಕೆಲಸಕ್ಕೆ ಶಿಕ್ಷಕರೇ ಕೊಡುತ್ತಾರೆ. ಆ ಮೌಲ್ಯಮಾಪನ ಸರಿಯಿದೆಯೇ ಎಂದು ಐಬಿ ಮಾದರಿಗಳನ್ನು ತರಿಸಿ ನೋಡುತ್ತದೆ, ಉದಾರವಾಗಿ ಕೊಟ್ಟಿದ್ದರೆ ಇಳಿಸುತ್ತದೆ.

ಕೇಂಬ್ರಿಜ್ ನಮಗೆ ಇಷ್ಟು ದೂರದ್ದಲ್ಲ. ಅದರ ಐಜಿಸಿಎಸ್‌ಇ ಎಂಬ ಪರೀಕ್ಷೆ, ಸುಮಾರು 14ರಿಂದ 16ರ ವಯಸ್ಸಿನ ಮಕ್ಕಳಿಗೆ, 1988ರಿಂದ ನಡೆಯುತ್ತಿದೆ. ಅದರ ಮೇಲಿನ ಹಂತ ಎ ಲೆವೆಲ್. ಸ್ಪಷ್ಟ ಪಠ್ಯವಿವರ, ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ, ಹೊರಗಿನ ಮೌಲ್ಯಮಾಪನ ಇರುವುದರಿಂದ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಗೆ ಭೌತಶಾಸ್ತ್ರ, ಗಣಿತ ಕಲಿಸಿದವರಿಗೆ ಇಲ್ಲಿ ಕಾಲೂರಲು ಹೆಚ್ಚು ದಿನ ಬೇಕಾಗುವುದಿಲ್ಲ. ಸಿಬಿಎಸ್‌ಇಯಿಂದ ನೇರವಾಗಿ ಐಬಿಗೆ ಜಿಗಿಯುವುದಕ್ಕಿಂತ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೇಂಬ್ರಿಜ್ ಅಥವಾ ಐಬಿ ಶಾಲೆಯಲ್ಲಿ ಎರಡು ವರ್ಷ ದುಡಿದು ಹೊರಡುವುದು ಹೆಚ್ಚು ಫಲ ಕೊಡುವ ದಾರಿ ಎಂದು ನನಗೆ ಅನ್ನಿಸುತ್ತದೆ. ಹೊರದೇಶದ ಶಾಲೆಗಳು ಮೊದಲು ಕೇಳುವುದೇ ಆ ಪಠ್ಯಕ್ರಮದ ಅನುಭವವನ್ನು.

ಒಂದು ಎಚ್ಚರ: ಐಬಿ ಶಾಲೆ ಎಂದು ಹೇಳಿಕೊಳ್ಳಲು ಆ ಸಂಸ್ಥೆಯ ಮಾನ್ಯತೆ ಬೇಕು, ಮಾನ್ಯತೆ ಪಡೆದವರ ಪಟ್ಟಿ ಅದರ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. "ಕ್ಯಾಂಡಿಡೇಟ್ ಸ್ಕೂಲ್" ಎಂದಿದ್ದರೆ ಇನ್ನೂ ಅರ್ಜಿಯ ಹಂತದಲ್ಲಿದೆ ಎಂದರ್ಥ.

ಕೊಲ್ಲಿಯ ಭಾರತೀಯ ಶಾಲೆಗಳು

ಕರ್ನಾಟಕದ ಬಹುಪಾಲು ಶಿಕ್ಷಕರಿಗೆ ವಿದೇಶ ಎಂದರೆ ಮೊದಲು ಸಿಗುವುದು ಇವೇ. ಬಹರೇನಿನ ಇಂಡಿಯನ್ ಸ್ಕೂಲ್ 1950ರಷ್ಟು ಹಳೆಯದು. ದುಬೈನ ಇಂಡಿಯನ್ ಹೈಸ್ಕೂಲ್ ಶುರುವಾದದ್ದು 1961ರಲ್ಲಿ, ಯುಎಇ ಎಂಬ ದೇಶ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು. ಕೇರಳದ ವರ್ಕಿ ಕುಟುಂಬ 1968ರಲ್ಲಿ ದುಬೈನಲ್ಲಿ ತೆರೆದ ಶಾಲೆಯಿಂದ ಬೆಳೆದದ್ದೇ ಇಂದಿನ ಜೆಮ್ಸ್ ಎಂಬ ದೊಡ್ಡ ಶಾಲಾ ಸಮೂಹ. ಮಂಗಳೂರು, ಉಡುಪಿ, ಭಟ್ಕಳದ ಕುಟುಂಬಗಳು ತಲೆಮಾರುಗಳಿಂದ ಅಲ್ಲಿರುವುದರಿಂದ ಸ್ಟಾಫ್‌ರೂಮಿನಲ್ಲಿ ತುಳುವೋ ಕೊಂಕಣಿಯೋ ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ.

ಇವುಗಳಲ್ಲೂ ಎರಡು ಬಗೆ. ಒಮಾನ್, ಸೌದಿ ಅರೇಬಿಯಗಳಲ್ಲಿ ರಾಯಭಾರ ಕಚೇರಿಯ ನೆರಳಿನಲ್ಲಿ ನಡೆಯುವ ಸಮುದಾಯ ಶಾಲೆಗಳಿವೆ. ಪೋಷಕರನ್ನೂ ಒಳಗೊಂಡ ಆಡಳಿತ ಮಂಡಳಿ, ಲಾಭದ ಉದ್ದೇಶವಿಲ್ಲ. ಯುಎಇಯಲ್ಲಿ ಹೆಚ್ಚಿನವು ಖಾಸಗಿ ಮಾಲೀಕತ್ವದವು. ದುಬೈಯ ಖಾಸಗಿ ಶಾಲೆಗಳಲ್ಲಿ ಬ್ರಿಟಿಷ್ ಪಠ್ಯಕ್ರಮದ ನಂತರ ಅತಿ ಹೆಚ್ಚು ಮಕ್ಕಳಿರುವುದು ಭಾರತೀಯ ಪಠ್ಯಕ್ರಮದಲ್ಲೇ. ಸಿಬಿಎಸ್‌ಇ 2024ರಲ್ಲಿ ದುಬೈನಲ್ಲಿ ತನ್ನ ಪ್ರಾದೇಶಿಕ ಕಚೇರಿಯನ್ನೇ ತೆರೆದಿದೆ.

ಹಾಗಿದ್ದರೂ ಸಂಬಳದ ಅಂತರ ದೊಡ್ಡದು. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ತಿಂಗಳಿಗೆ ಸುಮಾರು ಮೂರರಿಂದ ಆರು ಸಾವಿರ ದಿರ್ಹಂ ಸಾಮಾನ್ಯ. ಬ್ರಿಟಿಷ್ ಅಥವಾ ಐಬಿ ಶಾಲೆಗಳಲ್ಲಿ ಹತ್ತು ಸಾವಿರ ದಾಟುತ್ತದೆ, ಅದರ ಮೇಲೆ ಮನೆ. ಇದಕ್ಕೆ ಮುಖ್ಯ ಕಾರಣ ಶುಲ್ಕ. ಭಾರತೀಯ ಶಾಲೆಗೆ ಮಕ್ಕಳನ್ನು ಕಳಿಸುವವರಲ್ಲಿ ಅಂಗಡಿಯ ಲೆಕ್ಕ ಬರೆಯುವವರು, ಮಧ್ಯಮ ಸಂಬಳದ ತಂತ್ರಜ್ಞರು ಹೆಚ್ಚು. ಶುಲ್ಕ ಎಷ್ಟು ಏರಿಸಬಹುದು ಎಂಬುದಕ್ಕೆ ಅಲ್ಲಿನ ಸರ್ಕಾರದ ಮಿತಿಯೂ ಇದೆ. ಶಾಲೆಯ ಖರ್ಚಿನಲ್ಲಿ ಸಿಂಹಪಾಲು ಶಿಕ್ಷಕರ ಸಂಬಳವಾದ್ದರಿಂದ ಕಡಿಮೆ ಶುಲ್ಕದ ಭಾರ ಬೀಳುವುದು ಅಲ್ಲಿಗೇ.

ದುಬೈನಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ, ಅಬುಧಾಬಿಯಲ್ಲಿ ಅಡೆಕ್. ಕೆಎಚ್‌ಡಿಎ ತನ್ನ ತಪಾಸಣಾ ವರದಿಗಳನ್ನು ಪ್ರಕಟಿಸಿದೆ. ಅತ್ಯುತ್ತಮದಿಂದ ದುರ್ಬಲದವರೆಗೆ ಶ್ರೇಣಿ ಇರುತ್ತದೆ ಎಂಬುದು ಪೋಷಕರಿಗೆ ಮುಖ್ಯ. ಕೆಲಸ ಹುಡುಕುವವರು ನೋಡಬೇಕಾದ ಸಾಲು ಬೇರೆ: ವರ್ಷಕ್ಕೆ ಶೇಕಡಾ ಎಷ್ಟು ಶಿಕ್ಷಕರು ಬಿಟ್ಟುಹೋಗುತ್ತಾರೆ ಎಂಬ ಅಂಕಿ. ನೂರರಲ್ಲಿ ಮೂವತ್ತು ಜನ ಪ್ರತಿವರ್ಷ ಹೊರಡುವ ಶಾಲೆಯ ಬಗ್ಗೆ ಜಾಹೀರಾತು ಏನೇ ಹೇಳಲಿ, ಅಲ್ಲಿ ಏನೋ ಸರಿಯಿಲ್ಲ.

ನಮ್ಮ ಬಿ.ಎಡ್. ಎಲ್ಲಿಯವರೆಗೆ ಬರುತ್ತದೆ?

ವೈದ್ಯರಿಗಿರುವಂತೆ ಶಿಕ್ಷಕರಿಗೂ ಹಲವು ದೇಶಗಳಲ್ಲಿ ಲೈಸೆನ್ಸ್ ಇದೆ. ಪದವಿ ನೀವು ಓದಿದ್ದೀರಿ ಎನ್ನುತ್ತದೆ. ಲೈಸೆನ್ಸ್ ನೀವು ಈ ನೆಲದಲ್ಲಿ ಪಾಠ ಮಾಡಬಹುದು ಎನ್ನುತ್ತದೆ. ಕೊಲ್ಲಿಯ ಭಾರತೀಯ ಶಾಲೆಗೆ ಬಿ.ಎಡ್. ಮತ್ತು ಅಲ್ಲಿನ ಪ್ರಾಧಿಕಾರದ ಒಪ್ಪಿಗೆ ಸಾಕು. ನಮ್ಮ ಶಿಕ್ಷಕ ಅರ್ಹತಾ ಪರೀಕ್ಷೆಗಳಾದ ಸಿಟಿಇಟಿ, ಟಿಇಟಿಗಳು ಅಲ್ಲಿ ಲೆಕ್ಕಕ್ಕೆ ಬರುವುದು ಅಪರೂಪ.

ಇಂಗ್ಲೆಂಡಿನಲ್ಲಿ ಆ ಲೈಸೆನ್ಸಿಗೆ ಕ್ಯೂಟಿಎಸ್ ಎಂದು ಹೆಸರು. ಜಗತ್ತಿನ ಹಲವು ಬ್ರಿಟಿಷ್ ಶಾಲೆಗಳು ಅದನ್ನು ಕೇಳುವುದರಿಂದ ಅದರ ಬೆಲೆ ಇಂಗ್ಲೆಂಡಿನ ಗಡಿಯಾಚೆಗೂ ಇದೆ. 2023ರ ಫೆಬ್ರುವರಿಯಿಂದ ಭಾರತವೂ ಸೇರಿ ಕೆಲವು ಹೊಸ ದೇಶಗಳ ತರಬೇತಾದ ಶಿಕ್ಷಕರು ಮತ್ತೆ ತರಬೇತಿ ಪಡೆಯದೆ ನೇರವಾಗಿ ಇದಕ್ಕೆ ಅರ್ಜಿ ಹಾಕಬಹುದು. ಭಾರತದವರಿಗೆ ಒಂದು ಷರತ್ತು ಇದೆ: 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು. ಸಮಾಜವಿಜ್ಞಾನದ ಮೇಷ್ಟ್ರಿಗೆ ಈ ಬಾಗಿಲು ತೆರೆದಿಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಕ್ಯೂಟಿಎಸ್ ಸಿಕ್ಕಿತೆಂದರೆ ವೀಸಾ ಸಿಕ್ಕಿತೆಂದಲ್ಲ. ವೀಸಾಕ್ಕೆ ಪ್ರಾಯೋಜಿಸುವ ಶಾಲೆಯ ಕೆಲಸ ಕೈಯಲ್ಲಿರಬೇಕು. ಹಾಗೆಯೇ ಪಿಜಿಸಿಇಐ ಎಂಬ ಆನ್‌ಲೈನ್ ಕೋರ್ಸ್ ಮಾಡಿದರೆ ಕ್ಯೂಟಿಎಸ್ ತಾನಾಗಿ ಬರುವುದಿಲ್ಲ, ಮಾರುವವರು ಏನೇ ಸೂಚಿಸಲಿ.

ಅಮೆರಿಕದ ಸರ್ಕಾರಿ ಶಾಲೆಗಳಿಗೆ ಹೋಗುವವರು ಹೆಚ್ಚಾಗಿ ಬಳಸುವುದು ಜೆ-1 ಎಂಬ ವಿನಿಮಯ ವೀಸಾ. ಕನಿಷ್ಠ ಎರಡು ವರ್ಷದ ಬೋಧನಾ ಅನುಭವ ಬೇಕು. ಮೂರು ವರ್ಷ ಇರಬಹುದು, ಮತ್ತೆರಡು ವರ್ಷ ವಿಸ್ತರಿಸಬಹುದು. ಅದು ಮುಗಿದ ಮೇಲೆ ಅದೇ ವೀಸಾದಲ್ಲಿ ಮತ್ತೆ ಹೋಗಬೇಕಾದರೆ ಎರಡು ವರ್ಷ ಅಮೆರಿಕದ ಹೊರಗಿರಬೇಕು. ಹೆಸರೇ ಹೇಳುವಂತೆ ಅದು ವಿನಿಮಯ, ನೆಲೆಸುವ ದಾರಿಯಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೂಲಕವೂ ಕೆಲವು ಶಾಲಾ ಜಿಲ್ಲೆಗಳು ಶಿಕ್ಷಕರನ್ನು ಕರೆಸಿಕೊಳ್ಳುತ್ತಿದ್ದವು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ ಒಬ್ಬ ಗಣಿತ ಶಿಕ್ಷಕರಿಗಾಗಿ ಅಷ್ಟು ತೆರಲು ಯಾವ ಶಾಲಾ ಜಿಲ್ಲೆಗೂ ಸುಲಭವಲ್ಲ.

ಆಸ್ಟ್ರೇಲಿಯದಲ್ಲಿ ವಲಸೆಗಾಗಿ ಶಿಕ್ಷಕರ ಅರ್ಹತೆ ಅಳೆಯುವುದು ಐಟ್ಸಿಲ್ ಎಂಬ ಸಂಸ್ಥೆ. ಒಟ್ಟು ನಾಲ್ಕು ವರ್ಷದ ಉನ್ನತ ಶಿಕ್ಷಣ, ಅದರೊಳಗೆ ಶಿಕ್ಷಕ ತರಬೇತಿ, ಕನಿಷ್ಠ 45 ದಿನ ಮೇಲ್ವಿಚಾರಣೆಯಲ್ಲಿ ತರಗತಿಯ ಬೋಧನೆ. ಬಿ.ಎಡ್. ಈಗ ಎರಡು ವರ್ಷದ್ದಾದ್ದರಿಂದ ಇದು ಹೊಂದುತ್ತದೆ. ಎಡವುವುದು ಭಾಷಾ ಪರೀಕ್ಷೆಯಲ್ಲಿ: ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 9ಕ್ಕೆ ಓದು, ಬರಹಕ್ಕೆ 7, ಆಲಿಸುವಿಕೆ ಮತ್ತು ಮಾತಿಗೆ 8. ಮಾತಿಗೆ 8 ಎಂದರೆ ಹುಡುಗಾಟವಲ್ಲ.

ಇಂಗ್ಲಿಷ್ ಭಾಷೆಯನ್ನೇ ಕಲಿಸುವ ಕೆಲಸದ ಬಗ್ಗೆ ಎರಡು ಮಾತು. ಇಂಗ್ಲಿಷ್ ಬೋಧನೆಯ ತರಬೇತಿಯಾದ ಟೆಫ್ಲ್‌ನ 120 ಗಂಟೆಯ ಸರ್ಟಿಫಿಕೇಟ್ ಪಡೆದು ಕೊರಿಯಕ್ಕೋ ಚೀನಾಕ್ಕೋ ಹೋಗಿ ಎನ್ನುವ ಜಾಹೀರಾತುಗಳು ನಮ್ಮ ಫೋನುಗಳಿಗೂ ಬರುತ್ತವೆ. ಅಲ್ಲಿ ಅಡ್ಡ ಬರುವುದು ಪಾಸ್‌ಪೋರ್ಟು. ದಕ್ಷಿಣ ಕೊರಿಯದ ಭಾಷಾ ಶಿಕ್ಷಕರ ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್ ಮುಂತಾದ ಏಳು ಇಂಗ್ಲಿಷ್ ದೇಶಗಳ ನಾಗರಿಕರಿಗೆ ಮೀಸಲು. ಎಷ್ಟೇ ಚೆನ್ನಾಗಿ ಇಂಗ್ಲಿಷ್ ಬಂದರೂ ಆ ಸರ್ಟಿಫಿಕೇಟ್ ಪಾಸ್‌ಪೋರ್ಟಿನ ಬಣ್ಣ ಬದಲಿಸುವುದಿಲ್ಲ. ವಿಷಯ ಶಿಕ್ಷಕರಿಗೆ, ಅಂದರೆ ಗಣಿತ, ರಸಾಯನಶಾಸ್ತ್ರ, ಕಂಪ್ಯೂಟರ್ ಕಲಿಸುವವರಿಗೆ, ಈ ಗೋಡೆ ಇಷ್ಟು ಎತ್ತರವಿಲ್ಲ.

ಅಟೆಸ್ಟೇಷನ್: ಮುದ್ರೆಗಳ ಸರಪಳಿ

ದುಬೈನ ಅಧಿಕಾರಿಗೆ ಕುವೆಂಪು ವಿಶ್ವವಿದ್ಯಾಲಯದ ಕುಲಸಚಿವರ ಸಹಿ ಗೊತ್ತಿಲ್ಲ. ಭಾರತದ ವಿದೇಶಾಂಗ ಸಚಿವಾಲಯದ ಮುದ್ರೆ ಗೊತ್ತಿದೆ. ಹಾಗಾಗಿ ಒಬ್ಬರ ಸಹಿಯನ್ನು ಇನ್ನೊಬ್ಬರು ಖಾತ್ರಿಪಡಿಸುತ್ತ ಹೋಗುತ್ತಾರೆ: ರಾಜ್ಯ ಸರ್ಕಾರದ ಇಲಾಖೆ, ನಂತರ ವಿದೇಶಾಂಗ ಸಚಿವಾಲಯ, ನಂತರ ಆ ದೇಶದ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಯುಎಇಗೆ ಹೋಗುವವರಿಗೆ ಈ ಪೂರ್ತಿ ಸರಪಳಿ ಬೇಕು.

ಅಪೊಸ್ಟಿಲ್ ಇದರ ಒಳದಾರಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಒಂದೇ ಮುದ್ರೆಯನ್ನು ನಂಬುತ್ತವೆ, ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಭಾರತ 2005ರಿಂದ ಇದರಲ್ಲಿದೆ. ಒಮಾನ್, ಬಹರೇನ್ ಸೇರಿವೆ, ಸೌದಿ 2022ರ ಡಿಸೆಂಬರಿನಿಂದ ಸೇರಿಕೊಂಡಿದೆ. ಹೋಗುವ ದೇಶ ತೀರ್ಮಾನವಾಗುವ ಮೊದಲೇ ಏಜೆಂಟರ ಮಾತಿಗೆ ಎಲ್ಲ ಮುದ್ರೆ ಹಾಕಿಸಿಕೊಂಡರೆ ದುಡ್ಡು ವ್ಯರ್ಥವಾಗಬಹುದು ಎನ್ನುವುದು ಇದಕ್ಕೇ.

ಪದವಿ, ಬಿ.ಎಡ್. ಜೊತೆಗೆ, ಕುಟುಂಬವನ್ನು ಕರೆದೊಯ್ಯುವವರಿಗೆ ಮದುವೆ ಪ್ರಮಾಣಪತ್ರಕ್ಕೂ ಮಕ್ಕಳ ಜನನ ಪ್ರಮಾಣಪತ್ರಕ್ಕೂ ಮುದ್ರೆ ಬೇಕು. ಹಳ್ಳಿಯ ಕಲ್ಯಾಣ ಮಂಟಪದಲ್ಲಿ ಆದ ಮದುವೆಯನ್ನು ನೋಂದಾಯಿಸದವರು ಆಗ ಉಪನೋಂದಣಾಧಿಕಾರಿ ಕಚೇರಿಗೆ ಓಡುತ್ತಾರೆ. ದೂರಶಿಕ್ಷಣದ ಪದವಿಗಳಿಗೆ ಕೊಲ್ಲಿಯಲ್ಲಿ ತಕರಾರು ಬರುವುದುಂಟು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013ರಿಂದ ಸುಮಾರು ಐದು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿತು. ಆ ನಡುವಿನ ಅವಧಿಯ ಪದವಿ ಇದ್ದವರು ಅರ್ಜಿಗೆ ಮೊದಲೇ ಶಾಲೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಹಸ್ಬೆಂಡ್ ವೀಸಾ ಎಂದರೆ

ಕೊಲ್ಲಿಯಲ್ಲಿ ನಿಮ್ಮ ವಾಸದ ಹಕ್ಕು ಒಬ್ಬ ಪ್ರಾಯೋಜಕರಿಗೆ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಅದು ಉದ್ಯೋಗ ಕೊಟ್ಟವರು. ಆದರೆ ಗಂಡ ಈಗಾಗಲೇ ಅಲ್ಲಿ ಕೆಲಸದಲ್ಲಿದ್ದು ಹೆಂಡತಿಯನ್ನು ಕರೆಸಿಕೊಂಡಿದ್ದರೆ ಅವಳ ವೀಸಾ ಗಂಡನ ಹೆಸರಿನಲ್ಲಿರುತ್ತದೆ. ಯುಎಇಯಲ್ಲಿ ಕುಟುಂಬ ಕರೆಸಿಕೊಳ್ಳಲು ಸಂಬಳ ಕನಿಷ್ಠ 4,000 ದಿರ್ಹಂ, ಇಲ್ಲವೇ 3,000 ಮತ್ತು ಮನೆ ಇರಬೇಕು. ಇಂಥ ಶಿಕ್ಷಕಿ ಸಿಕ್ಕರೆ ಶಾಲೆಗೆ ವೀಸಾ ಖರ್ಚಿಲ್ಲ, ವಿಮಾನದ ಟಿಕೆಟ್ ಇಲ್ಲ, ಮನೆ ಕೊಡುವ ಗೋಜಿಲ್ಲ. ಜಾಹೀರಾತಿನ "ಆದ್ಯತೆ"ಯ ಹಿಂದಿನ ಗಣಿತ ಅಷ್ಟೇ. ಊರಿನಿಂದ ಅರ್ಜಿ ಹಾಕುವವರಿಗೆ ಆ ಸಾಲು ಕಂಡರೆ, ನಿಮಗೆ ಅವಕಾಶ ಕಡಿಮೆ ಎಂದು ತಿಳಿಯಬಹುದು.

ಐಬಿ ಶಾಲೆಗಳಲ್ಲಿ ಇದೇ ಭೇದ ಲೋಕಲ್ ಹೈರ್, ಓವರ್‌ಸೀಸ್ ಹೈರ್ ಎಂಬ ಹೆಸರಿನಲ್ಲಿದೆ. ಒಂದೇ ತರಗತಿಗೆ ಒಂದೇ ಪಾಠ ಮಾಡುವ ಇಬ್ಬರಲ್ಲಿ ಹೊರದೇಶದಿಂದ ಕರೆಸಿಕೊಂಡವರಿಗೆ ಮನೆ, ಟಿಕೆಟ್, ಮಕ್ಕಳ ಶುಲ್ಕ; ಅಲ್ಲೇ ಸಿಕ್ಕವರಿಗೆ ಬರೀ ಸಂಬಳ. ಗಂಡನ ವೀಸಾದಲ್ಲಿದ್ದರೂ ಕೆಲಸಕ್ಕೆ ಶಾಲೆ ಪ್ರತ್ಯೇಕ ಅನುಮತಿ ಪಡೆಯಲೇಬೇಕು, ಕಾರ್ಮಿಕ ಕಾನೂನಿನ ಹಕ್ಕುಗಳೂ ಅನ್ವಯಿಸುತ್ತವೆ. ಗ್ರಾಚುಟಿ, ಅಂದರೆ ಸೇವೆ ಮುಗಿದಾಗ ಕೊಡುವ ಇಡುಗಂಟು, ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ಯಾಕೇಜ್ ಒಳಗೆ ಏನಿದೆ?

ದಿರ್ಹಮನ್ನು ರೂಪಾಯಿಗೆ ಗುಣಿಸಿ ಖುಷಿಪಡುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅದಕ್ಕಿಂತ ಮೊದಲು ನೋಡಬೇಕಾದದ್ದು ಮೂಲ ವೇತನ, ಅಂದರೆ ಬೇಸಿಕ್ ಎಷ್ಟು ಎಂದು.

ಯುಎಇಯಲ್ಲಿ ವಿದೇಶಿಯರಿಗೆ ಪಿಂಚಣಿ ಇಲ್ಲ. ಅದರ ಬದಲು ಸೇವೆ ಮುಗಿದಾಗ ಗ್ರಾಚುಟಿ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಇಬ್ಬರು ಶಿಕ್ಷಕರನ್ನು ಇಟ್ಟುಕೊಳ್ಳೋಣ, ಇಬ್ಬರಿಗೂ ಒಟ್ಟು 5,000 ದಿರ್ಹಂ. ಒಬ್ಬರ ಬೇಸಿಕ್ 4,000, ಉಳಿದದ್ದು ಭತ್ಯೆ. ಇನ್ನೊಬ್ಬರ ಬೇಸಿಕ್ 2,000, ಮೂರು ಸಾವಿರ ಭತ್ಯೆ. ಐದು ವರ್ಷದ ನಂತರ ಮೊದಲನೆಯವರಿಗೆ 14,000 ದಿರ್ಹಂ ಸಿಗುತ್ತದೆ, ಎರಡನೆಯವರಿಗೆ 7,000. ತಿಂಗಳ ಸಂಬಳದ ಚೀಟಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಮುಂದಿನದು ಮನೆ. ಶಾಲೆಯೇ ಕೊಟ್ಟರೆ ಹಂಚಿಕೊಳ್ಳುವ ಕೋಣೆಯೋ ಪ್ರತ್ಯೇಕ ಮನೆಯೋ ಎಂದು ಬರವಣಿಗೆಯಲ್ಲಿ ಇರಲಿ. ಭತ್ಯೆ ಕೊಟ್ಟರೆ ದುಬೈನ ಪದ್ಧತಿ ತಿಳಿದಿರಲಿ: ವರ್ಷದ ಬಾಡಿಗೆಯನ್ನು ಒಂದೋ ಎರಡೋ ನಾಲ್ಕೋ ಚೆಕ್ಕುಗಳಲ್ಲಿ ಮುಂಗಡವಾಗಿ ಕೊಡಬೇಕು, ನಮ್ಮಂತೆ ತಿಂಗಳ ಐದನೇ ತಾರೀಕಿನ ಲೆಕ್ಕ ಅಲ್ಲಿಲ್ಲ. ಹೊಸದಾಗಿ ಹೋದವರ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಸಂಬಳದಲ್ಲಿ ಮುಂಗಡ ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಬೇಸಿಗೆ ರಜೆ, ಅಲ್ಲಿ ಜುಲೈ ಮತ್ತು ಆಗಸ್ಟ್, ಸಂಬಳಸಹಿತವೇ ಎಂಬುದನ್ನೂ ಕೇಳಬೇಕು.

ಮಕ್ಕಳಿದ್ದರೆ ಶುಲ್ಕ ವಿನಾಯಿತಿಯೇ ದೊಡ್ಡ ಭತ್ಯೆ. ಐಬಿ ಶಾಲೆಯಲ್ಲಿ ಎರಡು ಮಕ್ಕಳಿಗೆ ಪೂರ್ತಿ ವಿನಾಯಿತಿ ಸಿಕ್ಕರೆ ಅದರ ಬೆಲೆ ಸಂಬಳದ ಹತ್ತಿರಕ್ಕೇ ಬರಬಹುದು.

ತೆರಿಗೆ: ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಭಾರತದಲ್ಲಿ, ಕೆಲಸಕ್ಕೆಂದು ಹೊರಡುವ ಆರ್ಥಿಕ ವರ್ಷದಲ್ಲಿ ಇಲ್ಲಿದ್ದ ದಿನಗಳು 182ಕ್ಕಿಂತ ಕಡಿಮೆಯಾದರೆ ನೀವು ಅನಿವಾಸಿ, ಹೊರಗೆ ದುಡಿದದ್ದಕ್ಕೆ ಇಲ್ಲಿ ತೆರಿಗೆ ಇಲ್ಲ. ಏಪ್ರಿಲ್ ಅಥವಾ ಆಗಸ್ಟಿನಲ್ಲಿ ಹೊರಡುವವರಿಗೆ ಇದು ತಾನಾಗಿ ಹೊಂದುತ್ತದೆ, ಅಕ್ಟೋಬರ್ ದಾಟಿ ಹೊರಡುವವರಿಗೆ ಹೊಂದುವುದಿಲ್ಲ. ಇತ್ತ ಪಿಎಫ್‌ಗೆ ಬೀಳುತ್ತಿದ್ದ ದುಡ್ಡು ನಿಲ್ಲುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾಲ್ದೀವ್ಸಿಗೆ ಹೋಗುವವರ ಕಷ್ಟ ಬೇರೆ ಥರದ್ದು: ಸಂಬಳ ಬರುವುದು ರುಫಿಯಾದಲ್ಲಿ, ಆ ದೇಶದಲ್ಲಿ ಡಾಲರಿನ ಕೊರತೆ ಇರುವುದರಿಂದ ದುಡಿದದ್ದನ್ನು ಊರಿಗೆ ಕಳಿಸುವುದೇ ತಲೆನೋವು.

ಏಜೆಂಟರು, ಮತ್ತು ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್

ಹತ್ತನೇ ತರಗತಿ ಪಾಸಾಗದವರು ಕೊಲ್ಲಿಗೆ ಕೂಲಿಗೆ ಹೋಗುವಾಗ ಸರ್ಕಾರದ ವಲಸೆ ಅಧಿಕಾರಿ ಅವರ ಕೆಲಸದ ಕರಾರನ್ನು ಪರಿಶೀಲಿಸುತ್ತಾರೆ. ಓದಿದವರಿಗೆ ಆ ಪರಿಶೀಲನೆ ಇಲ್ಲ, ತಮ್ಮ ಕಾಳಜಿ ತಾವು ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ. ಹೀಗಾಗಿ ಶಿಕ್ಷಕರ ಕರಾರನ್ನು ಹೊರಡುವ ಮೊದಲು ಓದುವವರು ಶಿಕ್ಷಕರೇ.

ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು, ಹೆಸರುಗಳು ಇ-ಮೈಗ್ರೇಟ್ ಜಾಲತಾಣದಲ್ಲಿವೆ. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಜಿಎಸ್‌ಟಿ ಸೇರಿ 35,400. ಯುಎಇಯ ಕಾನೂನಿನಲ್ಲಂತೂ ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲು ಮಾಡುವಂತೆಯೇ ಇಲ್ಲ. ಎರಡು ಲಕ್ಷ ಕಟ್ಟಿ, ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಿಸಿಕೊಳ್ಳೋಣ ಎಂದವರಿಂದ ದೂರವಿರಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ, ಸಿಕ್ಕಿಬೀಳುವವರು ಏಜೆಂಟರಲ್ಲ. ಅಲ್ಲಿನ ಕಾರ್ಮಿಕ ಸಚಿವಾಲಯದ ಮೂಲಕ ಬರುವ ಅಧಿಕೃತ ಆಫರ್ ಲೆಟರಿಗೆ ಒಂದು ಸಂಖ್ಯೆ ಇರುತ್ತದೆ, ಅದು ನಿಜವೇ ಎಂದು ತಾಳೆ ನೋಡಬಹುದು. ಶಾಲೆಯವರು ನಿಮ್ಮ ಪಾಸ್‌ಪೋರ್ಟನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅಲ್ಲಿನ ನಿಯಮವೇ.

ಯಾವಾಗ ಅರ್ಜಿ, ಏನು ಕೇಳುತ್ತಾರೆ?

ಯುಎಇಯ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಶುರು, ಆದ್ದರಿಂದ ಅವರ ಹುಡುಕಾಟ ಜನವರಿಯಿಂದ ಮಾರ್ಚ್. ಬ್ರಿಟಿಷ್, ಐಬಿ ಶಾಲೆಗಳು ಆಗಸ್ಟ್ ಕೊನೆಗೆ ತೆರೆಯುತ್ತವೆ, ಆದರೆ ಒಳ್ಳೆಯ ಶಾಲೆಗಳು ಹಿಂದಿನ ನವೆಂಬರಿನಿಂದಲೇ ಜನರನ್ನು ಗೊತ್ತುಮಾಡಿಕೊಳ್ಳುತ್ತವೆ. ಇಲ್ಲಿ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಆರಾಮಾಗಿ ಹುಡುಕಲು ಕೂತವರಿಗೆ ಉಳಿದಿರುವುದು, ಬೇರೆಯವರು ಬೇಡವೆಂದ ಜಾಗಗಳು.

ಸಂದರ್ಶನದಲ್ಲಿ ವಿಷಯಜ್ಞಾನದ ಪ್ರಶ್ನೆ ಕಡಿಮೆ. ಒಂದು ಪಾಠವನ್ನು ಮಾಡಿ ತೋರಿಸಲು ಹೇಳುತ್ತಾರೆ, ಅಥವಾ ಇತ್ತೀಚೆಗೆ ಕೆಟ್ಟುಹೋದ ಪಾಠವೊಂದನ್ನು ವಿವರಿಸಿ ಎನ್ನುತ್ತಾರೆ. "ನನ್ನ ಪಾಠ ಯಾವತ್ತೂ ಕೆಟ್ಟಿಲ್ಲ, ಶೇಕಡಾ ನೂರು ಫಲಿತಾಂಶ" ಎನ್ನುವುದು ಇಲ್ಲಿ ಹೆಮ್ಮೆಯ ಉತ್ತರ, ಅಲ್ಲಿ ಅಪಾಯದ ಗಂಟೆ. ಇನ್ನೊಂದು ಪ್ರಶ್ನೆಗೆ ನಮ್ಮವರು ತಯಾರಿರುವುದಿಲ್ಲ: ಮಗುವೊಂದು ನಿಮ್ಮ ಬಳಿ ಬಂದು, ಯಾರಿಗೂ ಹೇಳಬೇಡಿ ಎಂದು, ಮನೆಯಲ್ಲಿ ಹೊಡೆಯುತ್ತಾರೆ ಎಂದರೆ ಏನು ಮಾಡುತ್ತೀರಿ? ಗುಟ್ಟು ಕಾಯುತ್ತೇನೆ ಎನ್ನುವುದು ತಪ್ಪು ಉತ್ತರ. ನಾನೇ ಮನೆಯವರನ್ನು ಕರೆಸಿ ಮಾತಾಡುತ್ತೇನೆ ಎನ್ನುವುದೂ ತಪ್ಪು. ಶಾಲೆಯಲ್ಲಿ ಮಕ್ಕಳ ರಕ್ಷಣೆಗೆಂದೇ ನೇಮಿಸಿದವರಿಗೆ ಅಂದೇ ತಿಳಿಸಬೇಕು, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಬೇಕು. ಬೆತ್ತ ಹಿಡಿದು ಶಿಸ್ತು ಕಲಿಸಿದ ಕಥೆಯನ್ನು ಹೇಳಿಕೊಂಡವರಿಗಂತೂ ಆಮೇಲೆ ಕರೆ ಬರುವುದಿಲ್ಲ.

ಮಕ್ಕಳ ರಕ್ಷಣೆಯ ಕಾರಣಕ್ಕೇ ಈಗಿನ ಶಾಲೆಯ ಮುಖ್ಯಸ್ಥರಿಂದ ಗುಪ್ತ ಶಿಫಾರಸು ಪತ್ರ ಕೇಳುತ್ತಾರೆ. ನೀವು ಕೊಂಡೊಯ್ದ ಪತ್ರ ನಡೆಯದು, ಅವರೇ ಪ್ರಿನ್ಸಿಪಾಲರ ಅಧಿಕೃತ ಇಮೇಲಿಗೆ ಬರೆಯುತ್ತಾರೆ. ನಮ್ಮಲ್ಲಿ ಇದೊಂದು ಇಕ್ಕಟ್ಟು. ಬೇರೆ ಕೆಲಸ ಹುಡುಕುತ್ತಿದ್ದಾರೆ ಎಂದು ಗೊತ್ತಾದರೆ ಮುಂದಿನ ವರ್ಷದ ವೇಳಾಪಟ್ಟಿಯಿಂದಲೇ ಕೈಬಿಡುವ ಆಡಳಿತ ಮಂಡಳಿಗಳಿವೆ. ಆದ್ದರಿಂದ ಆಯ್ಕೆ ಖಚಿತವಾದ ಮೇಲೆ ಮಾತ್ರ ಸಂಪರ್ಕಿಸಿ ಎಂದು ಅರ್ಜಿಯಲ್ಲೇ ಬರೆಯಬಹುದು, ಹೆಚ್ಚಿನ ಶಾಲೆಗಳು ಒಪ್ಪುತ್ತವೆ. ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಬೇಕು, ಅದಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮೊದಲು ಬೇರೆ ದೇಶದಲ್ಲಿ ದುಡಿದಿದ್ದರೆ ಅಲ್ಲಿನ ಪೊಲೀಸರದ್ದೂ ಕೇಳುತ್ತಾರೆ. ಊರಿಗೆ ಬಂದ ಮೇಲೆ ಅದನ್ನು ತರಿಸುವುದು ತಿಂಗಳುಗಟ್ಟಲೆ ಎಳೆಯುವ ಕೆಲಸವಾದ್ದರಿಂದ ವಿಮಾನ ಹತ್ತುವ ಮೊದಲೇ ಮಾಡಿಸಿಕೊಳ್ಳುವುದು ಜಾಣತನ.